ಮೀನಖಂಡದ ಲೆಕ್ಕ

ಹೋದ ಕಾರಹುಣ್ಣಿಮೆಗೆ ಊರಿಗೆ ಹೋದಾಗ ನಮ್ಮ ಕಾಕಾ ಒಂದು ಪ್ರಶ್ನೆ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಎಂಜಿನಿಯರಿಂಗ್ ಓದಿದವನು, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿ ಇರುವವನು, ಏನು ಕೇಳಿದರೂ ಹೇಳುತ್ತಾನೆ ಅಂತ ದೇವದುರ್ಗ ತಾಲ್ಲೂಕಿನ ನಮ್ಮ ಸಣ್ಣ ಊರಿನಲ್ಲಿ ನನಗೊಂದು ಹುಸಿ ಹೆಸರಿದೆ. ಆ ಹೆಸರು ಉಳಿಸಿಕೊಳ್ಳಲು ಎರಡು ತಿಂಗಳು ಓದಬೇಕಾಯಿತು. ಓದುತ್ತಾ ಓದುತ್ತಾ ರಾಯಚೂರು ಕೋಟೆಯಿಂದ ಇಟಲಿಯ ಫ್ಲಾರೆನ್ಸ್‌ವರೆಗೆ ಹೋಗಿಬಂದೆ. ಆ ಸುತ್ತಾಟವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಚಹಾ ಹಿಡಿದುಕೊಂಡು ಕೂತುಕೊಳ್ಳಿ.

ಮೊದಲು ಕಾಕಾನ ಕಥೆ. ಅಪ್ಪನ ತಮ್ಮ. ದೇವದುರ್ಗದ ಕಡೆ ನಮ್ಮದು ಎರೆ ಹೊಲ, ಹತ್ತಿ ಬೆಳೆ. ಅದು ಒಂದು ಸಂಸಾರಕ್ಕೇ ಸಾಲದು. ಹಾಗಾಗಿ ಕಾಕಾ ಹದಿನೆಂಟು ವರ್ಷದವನಿದ್ದಾಗಲೇ ಮಾನ್ವಿಗೆ ಹೋಗಿ ಹಮಾಲಿಗೆ ಸೇರಿದ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಮೇಲೆ ಮಾನ್ವಿ ಕಡೆ ಎಲ್ಲ ಭತ್ತವೇ ಅಲ್ಲವೇ, ಭತ್ತ ಇದ್ದಲ್ಲಿ ಅಕ್ಕಿ ಗಿರಣಿ, ಗಿರಣಿ ಇದ್ದಲ್ಲಿ ಹಮಾಲರು. ನಮ್ಮ ಕಡೆ ಭತ್ತದ ಚೀಲ ಅಂದರೆ 75 ಕಿಲೋ ಲೆಕ್ಕ. ಕಾಕಾನ ತೂಕ ಬರೀ 50 ಕಿಲೋ ಇದ್ದೀತು. ತೋಳು ನೋಡಿದರೆ ಜೋಳದ ದಂಟು. ಆದರೆ ಅವನ ಕಾಲು... ಮೊಣಕಾಲ ಕೆಳಗೆ ಹಿಂದುಗಡೆ ಗಟ್ಟಿ ಗಂಟು ಕಟ್ಟಿದ ಹಾಗೆ ಇತ್ತು. ಚಿಕ್ಕವರಿದ್ದಾಗ ನಾವು ಹುಡುಗರು ಅದನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದೆವು, ಕಲ್ಲು ಒತ್ತಿದಂತೆ ಆಗುತ್ತಿತ್ತು.

ಹೋದ ಸುಗ್ಗಿಯಲ್ಲಿ, ಡಿಸೆಂಬರ್ ಇರಬೇಕು, ಲಾರಿಗೆ ಹಾಕಿದ ಹಲಗೆ ಮೇಲೆ ಚೀಲ ಹೊತ್ತು ಏರುವಾಗ ಹಿಂದಿನಿಂದ ಯಾರೋ ಹಿಮ್ಮಡಿಗೆ ಬಡಿಗೆಯಿಂದ ಹೊಡೆದ ಹಾಗಾಯಿತಂತೆ. ಟಪ್ ಅಂತ ಸಪ್ಪಳ ಕೂಡ ಕೇಳಿಸಿತಂತೆ. ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಹಿಮ್ಮಡಿಯ ದೊಡ್ಡ ನರ ಹರಿದುಹೋಗಿತ್ತು. ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ, ಪಾದವನ್ನು ಕೆಳಮುಖ ಬಾಗಿಸಿ ಪ್ಲಾಸ್ಟರ್ ಕಟ್ಟಿದರು. ಆರು ವಾರ ಆದ ಮೇಲೆ ಪ್ಲಾಸ್ಟರ್ ತೆಗೆದರು. ಗಾಯ ಚೆನ್ನಾಗಿ ಮಾಯಿತ್ತು. ಆದರೆ ಕಾಕಾಗೆ ಆ ಕಾಲಿನ ಮುಂಗಾಲ ಮೇಲೆ ನಿಲ್ಲಲು ಆಗುತ್ತಿರಲಿಲ್ಲ. ತಿಂಗಳುಗಳು ಕಳೆದರೂ ಅಷ್ಟೇ.

ಹಮಾಲಿಯಲ್ಲಿ ಚೀಲಕ್ಕಿಷ್ಟು ಅಂತ ಕೂಲಿ. ಚೀಲ ಹೊರದಿದ್ದರೆ ಕೂಲಿ ಇಲ್ಲ. ಐದು ತಿಂಗಳಾದ ಮೇಲೆ ಮನೆಯಲ್ಲಿ ಮಾತು ಶುರುವಾದವು. "ಕಾಲು ನೆಟ್ಟಗ ಅದ, ಮೈಗಳ್ಳತನ ಹತ್ತ್ಯಾದ" ಅಂತ ನಮ್ಮ ಬೀಗರೊಬ್ಬರು ಎಲ್ಲರ ಮುಂದೆ ಅಂದುಬಿಟ್ಟರು. ಚಿಗವ್ವ ಒಳಗೆ ಹೋಗಿ ಅತ್ತಳು. ನಾನು ಕೂಡ, ಸುಳ್ಳು ಯಾಕೆ ಹೇಳಲಿ, ಮನಸ್ಸಿನಲ್ಲಿ ಸ್ವಲ್ಪ ಹಾಗೇ ಅಂದುಕೊಂಡಿದ್ದೆ. ಯಾಕೆಂದರೆ ವ್ಯಾಯಾಮ ಹೇಳಿಕೊಡುವವರು ಎರಡೂ ಕಾಲಿಗೆ ಟೇಪ್ ಹಿಡಿದು ಅಳೆದಿದ್ದರು. ಒಳ್ಳೆಯ ಕಾಲು 34 ಸೆಂಟಿಮೀಟರ್ ಸುತ್ತಳತೆ, ಹೊಲಿಗೆ ಹಾಕಿದ್ದು 32. ಎರಡೇ ಸೆಂಟಿಮೀಟರ್ ವ್ಯತ್ಯಾಸ!

ಕಾಕಾ ಕೇಳಿದ್ದು ಇದನ್ನೇ: "ತಮ್ಮಾ, ಟೇಪ್ ಹಚ್ಚಿ ನೋಡಿದ್ರ ಒಂದು ಬಟ್ಟು ಫರಕ್ ಅದ ಅಷ್ಟ. ಮತ್ತ ಇದ್ದ ತಾಕತ್ತು ಎಲ್ಲಿಗಿ ಹೋತಪಾ?"

ಈ ಪ್ರಶ್ನೆಯ ಒಳಗೆ ಒಂದು ನಂಬಿಕೆ ಇದೆ. ದಪ್ಪ ಇದ್ದರೆ ಶಕ್ತಿ ಇದೆ ಅನ್ನುವ ನಂಬಿಕೆ. ನನಗೂ ಇತ್ತು, ನಿಮಗೂ ಇರಬಹುದು. ಅದು ಅರ್ಧ ಸತ್ಯ ಅಂತ ಮನುಷ್ಯರಿಗೆ ತಿಳಿಯಲು ಬಹಳ ಕಾಲ ಹಿಡಿಯಿತು, ತಿಳಿದ ಮೇಲೂ ಒಮ್ಮೆ ಮರೆತುಬಿಟ್ಟರು. ಅದೇ ಇತಿಹಾಸ.

ಮೊದಲು ಹೆಸರುಗಳ ಗೊಂದಲ ಬಗೆಹರಿಸಿಕೊಳ್ಳೋಣ. ಮೊಣಕಾಲ ಕೆಳಗೆ ಹಿಂದುಗಡೆ ಇರುವ ಮಾಂಸಕ್ಕೆ ಕನ್ನಡದಲ್ಲಿ ಎಷ್ಟು ಚಂದದ ಹೆಸರಿದೆ ನೋಡಿ, ಮೀನಖಂಡ. ಮೀನಿನ ಆಕಾರದ ಖಂಡ. ತಮಾಷೆ ಅಂದರೆ ಅದರ ಒಳಪದರದಲ್ಲಿರುವ ದೊಡ್ಡ ಸ್ನಾಯುವಿಗೆ ವೈದ್ಯರು ಸೋಲಿಯಸ್ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಸೋಲಿಯಾ ಅಂದರೆ ಚಪ್ಪಲಿ, ಚಪ್ಪಲಿಯ ಹಾಗೆ ಚಪ್ಪಟೆ ಇರುವ ಒಂದು ಮೀನಿಗೂ ಅದೇ ಹೆಸರು. ಎಲ್ಲಿಯ ರೋಮ್, ಎಲ್ಲಿಯ ರಾಯಚೂರು!

ಇನ್ನು ನರ. ನಮ್ಮ ಕಡೆ ಚರ್ಮದ ಕೆಳಗೆ ಉದ್ದಕ್ಕೆ ಕಾಣುವುದೆಲ್ಲ ನರವೇ. ಕಾಕಾಗೆ ಹರಿದದ್ದು ನಿಜವಾಗಿ ನರವಲ್ಲ, ಮಾಂಸವನ್ನು ಎಲುಬಿಗೆ ಕಟ್ಟುವ ಗಟ್ಟಿ ಹುರಿ, ಸ್ನಾಯುರಜ್ಜು. ಸ್ನಾಯು ಅನ್ನುವ ಪದವೂ ಅರ್ಥ ಬದಲಿಸಿಕೊಂಡು ಬಂದದ್ದೇ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಮೈಯ ಮಾಂಸದ ಕಟ್ಟುಗಳಿಗೆ ಪೇಶಿ ಎಂಬ ಹೆಸರಿದೆ, ಅವು 500 ಅಂತ ಲೆಕ್ಕ. ಅದರಲ್ಲಿ 400 ಕೈಕಾಲುಗಳಲ್ಲೇ. ಸ್ನಾಯುಗಳು ಬೇರೆ, ಅವು 900. ಹಲಗೆಗಳನ್ನು ಹಗ್ಗದಿಂದ ಬಿಗಿದ ದೋಣಿ ಭಾರ ತಾಳುವ ಹಾಗೆ ಸ್ನಾಯುಗಳಿಂದ ಬಿಗಿದ ಮೈ ಭಾರ ತಾಳುತ್ತದೆ ಎಂಬ ಹೋಲಿಕೆ ಅಲ್ಲಿದೆ. ಅಂದರೆ ಅವರ ಸ್ನಾಯು ಕಟ್ಟುವ ಹುರಿ. ಇವತ್ತು ಕನ್ನಡದಲ್ಲಿ ನಾವು ಎಳೆಯುವ ಮಾಂಸಕ್ಕೇ ಸ್ನಾಯು ಅನ್ನುತ್ತೇವೆ. ಈ ಬರಹದಲ್ಲೂ ಹಾಗೇ ಇಟ್ಟುಕೊಳ್ಳೋಣ.

ಸುಶ್ರುತರು ಪೇಶಿಗಳನ್ನು ಎಣಿಸಿದರು. ಆದರೆ ಒಂದು ಪೇಶಿಯ ಒಳಗೆ ಎಳೆಗಳು ಯಾವ ದಿಕ್ಕಿಗೆ ಓಡುತ್ತವೆ, ಅದರಿಂದ ಏನು ಬದಲಾಗುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಅದನ್ನು ಅರ್ಥ ಮಾಡಿಕೊಳ್ಳಲು ನಾನು ಸುಲಭದ ದಾರಿ ಹುಡುಕುತ್ತಿದ್ದೆ. ಸಿಕ್ಕಿದ್ದು ರಾಯಚೂರು ಬಸ್ ನಿಲ್ದಾಣದ ಹತ್ತಿರವೇ, ಕೋಟೆ ಗೋಡೆಯಲ್ಲಿ.

ರಾಯಚೂರಿನವರು ಸಾವಿರ ಸಲ ಆ ಗೋಡೆ ಪಕ್ಕ ನಡೆದಿರುತ್ತೀರಿ. ಅದರಲ್ಲಿ 41 ಅಡಿಗೂ ಉದ್ದದ ಒಂದೇ ಒಂದು ಕಲ್ಲಿದೆ. ಅದರ ಮೇಲೆ ಕಾಕತೀಯರ ಕಾಲದ, 1294ರ ತೆಲುಗು ಶಾಸನ ಇದೆ. ನಾನು ಪಿಯುಸಿ ಓದುವಾಗ ಎರಡು ವರ್ಷ ಅದರ ಪಕ್ಕದಲ್ಲೇ ಓಡಾಡಿ ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ. ಗೋಡೆಯಲ್ಲಿ ಗೀರಿದ ಒಂದು ಚಿತ್ರವೂ ಇದೆ. ಆ ಕಲ್ಲನ್ನು ಹೇಗೆ ತಂದರು ಅನ್ನುವ ಚಿತ್ರ. ಅರೆ ಇಲ್ಲದ ಇಡಿ ಗಾಲಿಗಳ ಬಂಡಿ, ಅದರ ಮೇಲೆ ಕಲ್ಲು, ಮುಂದೆ ಉದ್ದಕ್ಕೂ ಕೋಣಗಳ ಸಾಲು, ಹುರುಪು ತುಂಬುತ್ತಾ ಹೊಡೆಯುವವರು, ಹಿಂದೆ ಗಾಲಿಗೆ ಸನಿಕೆ ಕೊಟ್ಟು ಮೀಟುವ ಜನ. ಏಳು ನೂರು ವರ್ಷದ ಹಿಂದಿನ ಇಂಜಿನಿಯರಿಂಗ್ ಡ್ರಾಯಿಂಗ್ ಅನ್ನಬಹುದು!

ಆ ಚಿತ್ರದಲ್ಲಿ ಕೋಣಗಳು ಒಂದರ ಮುಂದೆ ಒಂದು ನಿಂತಿದ್ದರೂ ಎಲ್ಲದರ ಎಳೆತ ಹೋಗಿ ಸೇರುವುದು ಒಂದೇ ಬಂಡಿಗೆ. ಕೋಣ ಹೆಚ್ಚಿದಷ್ಟೂ ಬಲ ಹೆಚ್ಚು. ಆದರೆ ಬಂಡಿ ಮುಂದೆ ಹೋಗುವುದು ಒಂದು ಕೋಣ ಹೋಗುವಷ್ಟೇ ದೂರ, ಅಷ್ಟೇ ವೇಗ. ಈಗ ಇನ್ನೊಂದು ಸಾಲು ನೆನಪಿಸಿಕೊಳ್ಳಿ. ಮನೆ ಕಟ್ಟುವಾಗ ಜನ ಸಾಲಾಗಿ ನಿಂತು ಕಾಂಕ್ರೀಟ್ ಪುಟ್ಟಿ ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಅದು. ಅಲ್ಲಿ ಜನ ಹೆಚ್ಚಾದರೆ ಪುಟ್ಟಿ ಹೆಚ್ಚು ದೂರ ಹೋಗುತ್ತದೆ. ಆದರೆ ಪುಟ್ಟಿಯ ತೂಕ ಮಾತ್ರ ಒಬ್ಬ ಹಿಡಿಯುವಷ್ಟೇ ಇರಬೇಕು. ಮೊದಲನೆಯದು ಪ್ಯಾರಲಲ್, ಎರಡನೆಯದು ಸೀರೀಸ್. ಬ್ಯಾಟರಿ ಸೆಲ್ ಜೋಡಿಸಿ ಆಡಿದವರಿಗೆ ಇದು ಗೊತ್ತು.

ಸ್ನಾಯುವಿನ ಇಡೀ ಗುಟ್ಟು ಇಷ್ಟೇ. ಒಂದು ಸ್ನಾಯುವಿನಲ್ಲಿ ಸಾವಿರಾರು ಎಳೆಗಳಿವೆ. ಒಂದೊಂದು ಎಳೆಯ ಉದ್ದಕ್ಕೂ ಸಾರ್ಕೋಮಿಯರ್ ಅನ್ನುವ ಪುಟ್ಟ ಪುಟ್ಟ ತುಂಡುಗಳು ಸಾಲಾಗಿ ಕೂತಿವೆ. ಒಂದೊಂದರ ಉದ್ದ ಮಿಲಿಮೀಟರಿನ ಸಾವಿರದಲ್ಲಿ ಎರಡು, ಎರಡೂವರೆ ಭಾಗ. ಅವು ಪುಟ್ಟಿ ದಾಟಿಸುವ ಸಾಲು, ಎಳೆ ಉದ್ದ ಆದಷ್ಟೂ ಹೆಚ್ಚು ದೂರ, ಹೆಚ್ಚು ವೇಗ. ಎಳೆಗಳು ಪಕ್ಕಪಕ್ಕ ನಿಂತರೆ ಅದು ಕೋಣಗಳ ಸಾಲು, ಸಂಖ್ಯೆ ಹೆಚ್ಚಿದಷ್ಟೂ ಬಲ.

ಲೆಕ್ಕ ಮಾಡಿ ನೋಡೋಣ. ನಮ್ಮ ಮನೆಗಳಲ್ಲಿ ಬೇಸಿಗೆಯಲ್ಲಿ ಶಾವಿಗೆ ಹೊಸೆದು ಒಣಗಿಸುತ್ತಾರಲ್ಲ, ಹಾಗೆ 24 ಸೆಂ.ಮೀ. ಉದ್ದದ ಎಳೆಗಳ ಒಂದು ಕಟ್ಟು ಇದೆ ಅಂದುಕೊಳ್ಳಿ, ಅದರ ಅಡ್ಡಕೊಯ್ತ 5 ಚದರ ಸೆಂ.ಮೀ. ಸ್ನಾಯು ಒಂದು ಚದರ ಸೆಂ.ಮೀ.ಗೆ ಸುಮಾರು 2.3 ಕಿಲೋ ಎಳೆಯುತ್ತದೆ ಅಂತ ಹಿಡಿದರೆ ಈ ಕಟ್ಟಿನ ಬಲ 11.5 ಕಿಲೋ. ಎಳೆ ತನ್ನ ಉದ್ದದ ಕಾಲು ಭಾಗ ಕುಗ್ಗಿದರೆ 6 ಸೆಂ.ಮೀ. ಎಳೆದ ಹಾಗಾಯಿತು. ಈಗ ಅದೇ ಶಾವಿಗೆಯನ್ನು 4 ಸೆಂ.ಮೀ.ನ ಆರು ತುಂಡು ಮಾಡಿ ಪಕ್ಕಪಕ್ಕ ಇಡಿ. ಅಡ್ಡಕೊಯ್ತ 30 ಚದರ ಸೆಂ.ಮೀ., ಬಲ 69 ಕಿಲೋ, ಕುಗ್ಗುವುದು ಮಾತ್ರ 1 ಸೆಂ.ಮೀ. ಮಾಂಸ ಅಷ್ಟೇ, ತೂಕ ಅಷ್ಟೇ. 11.5ನ್ನು 6ರಿಂದ ಗುಣಿಸಿ, 69ನ್ನು 1ರಿಂದ ಗುಣಿಸಿ, ಉತ್ತರ ಎರಡಕ್ಕೂ 69. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಳ್ಳುವುದು ಅಂದರೆ ಇದೇ.

ಆದರೆ ಗಿಡ್ಡ ಎಳೆಗಳನ್ನು ಅಷ್ಟು ಅಗಲಕ್ಕೆ ಪಕ್ಕಪಕ್ಕ ಇಟ್ಟರೆ ಕಾಲು ಒರಳಿನಂತೆ ಆಗುತ್ತಿತ್ತು. ಅದಕ್ಕೆ ದೇಹ ಮಾಡಿದ ಉಪಾಯ, ಎಳೆಗಳನ್ನು ಓರೆಯಾಗಿ ಜೋಡಿಸಿದ್ದು. ನವಿಲುಗರಿಯ ನಡುವಿನ ದಂಟಿಗೆ ಎರಡೂ ಕಡೆಯಿಂದ ಎಳೆಗಳು ಓರೆಯಾಗಿ ಬಂದು ಸೇರುತ್ತವಲ್ಲ, ಹಾಗೆ ಗಿಡ್ಡ ಎಳೆಗಳು ಸ್ನಾಯುರಜ್ಜುವಿನ ಹಾಳೆಗೆ ಓರೆಯಾಗಿ ಬಂದು ಅಂಟುತ್ತವೆ. ಕಾಲು ಸಪೂರವಾಗೇ ಇರುತ್ತದೆ, ಒಳಗೆ ಎಳೆಗಳು ಮಾತ್ರ ಅಪಾರ. ಇವಕ್ಕೆ ಗರಿ ಸ್ನಾಯು ಅನ್ನೋಣ.

ಎಷ್ಟು ವ್ಯತ್ಯಾಸ ಆಗುತ್ತದೆ ಅಂದರೆ, 2009ರಲ್ಲಿ ಅಮೆರಿಕದ ಸಂಶೋಧಕರು 21 ಮೃತದೇಹಗಳ ಕಾಲಿನ ಸ್ನಾಯುಗಳನ್ನು ಬಿಡಿಸಿ ಅಳೆದು ಪ್ರಕಟಿಸಿದರು. ತೊಡೆಯ ಮುಂದೆ ಓರೆಯಾಗಿ ಹಾದುಹೋಗುವ ಸಾರ್ಟೋರಿಯಸ್ (ನಾವು ಚಕ್ಕಳಬಕ್ಕಳ ಹಾಕಿ ಕೂರುವಾಗ ಕೆಲಸ ಮಾಡುವ ದರ್ಜಿ ಸ್ನಾಯು) ಎಳೆಯ ಉದ್ದ ಸುಮಾರು 40 ಸೆಂ.ಮೀ. ಮೀನಖಂಡದ ಸೋಲಿಯಸ್ ಎಳೆ ಬರೀ ನಾಲ್ಕೂವರೆ ಸೆಂ.ಮೀ.ಗೆ ಹತ್ತಿರ. ತೂಕದಲ್ಲಿ ಸೋಲಿಯಸ್ ಸಾರ್ಟೋರಿಯಸ್‌ನ ಮೂರೂವರೆ ಪಟ್ಟು ಮಾತ್ರ. ಆದರೆ ಎಳೆಗಳಿಗೆ ನೇರ ಅಡ್ಡವಾಗಿ ಕೊಯ್ದರೆ ಸಿಗುವ ಅಳತೆ ಒಂದರದು 2 ಚದರ ಸೆಂ.ಮೀ.ಗೂ ಕಡಿಮೆ, ಇನ್ನೊಂದರದು 50ಕ್ಕೂ ಹೆಚ್ಚು. ಇಪ್ಪತ್ತೈದು ಪಟ್ಟಿಗೂ ಮಿಕ್ಕಿ!

ಇದನ್ನು ಮೊದಲು ಕಂಡವರು ಯಾರು? ಇಲ್ಲಿ ಕಥೆ ಯುರೋಪಿಗೆ ಹೋಗುತ್ತದೆ.

ಹದಿನೇಳನೇ ಶತಮಾನದಲ್ಲಿ ಅಲ್ಲಿಯ ಪಂಡಿತರು ನಂಬಿದ್ದು ಏನೆಂದರೆ, ಮಿದುಳಿನಿಂದ ನರಗಳ ಮೂಲಕ ಒಂದು ಸೂಕ್ಷ್ಮವಾದ ಪ್ರಾಣದ್ರವ್ಯ ಹರಿದುಬಂದು ಸ್ನಾಯುವಿನೊಳಗೆ ತುಂಬುತ್ತದೆ, ಸ್ನಾಯು ಬಲೂನಿನಂತೆ ಉಬ್ಬುತ್ತದೆ, ಉಬ್ಬಿದ್ದರಿಂದ ಗಿಡ್ಡ ಆಗುತ್ತದೆ. ದೇಕಾರ್ತ್‌ನಂಥ ಮೇಧಾವಿಯೂ ಇದೇ ಬಗೆಯ ಮಾತು ಬರೆದ. ನಂಬಲು ಕಷ್ಟವೇನಿಲ್ಲ. ತೋಳು ಮಡಚಿದರೆ ಗುಡ್ಡೆ ಉಬ್ಬುವುದು ಕಣ್ಣಿಗೇ ಕಾಣುತ್ತದೆ. ಉಬ್ಬಿದರೆ ಶಕ್ತಿ... ಜಿಮ್ಮಿನ ಕನ್ನಡಿ ಮುಂದೆ ನಿಲ್ಲುವ ನನ್ನಂಥವರು ಈಗಲೂ ನಂಬಿರುವುದು ಅದನ್ನೇ ತಾನೇ.

ನಿಕೋಲಾಸ್ ಸ್ಟೀನೋ ಹುಟ್ಟಿದ್ದು 1638ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ಇಪ್ಪತ್ತೆರಡನೇ ವಯಸ್ಸಿಗೇ ಕೆನ್ನೆಯಲ್ಲಿ ಜೊಲ್ಲು ತರುವ ನಾಳ ಕಂಡುಹಿಡಿದ. 1664ರ ಪುಸ್ತಕದಲ್ಲಿ ಹೃದಯ ಅನ್ನುವುದು ಆತ್ಮದ ಮನೆಯೂ ಅಲ್ಲ, ಬಿಸಿಯ ಒಲೆಯೂ ಅಲ್ಲ, ಬರೀ ಒಂದು ಸ್ನಾಯು ಅಂದ. ಆಮೇಲೆ ಫ್ಲಾರೆನ್ಸ್‌ಗೆ ಹೋದ. ಅಲ್ಲಿ 1667ರಲ್ಲಿ ಅವನ ಇನ್ನೊಂದು ಪುಸ್ತಕ ಬಂತು. ಹಿಂದಿನ ವರ್ಷ ಲಿವೋರ್ನೋ ಹತ್ತಿರ ಹಿಡಿದ ದೊಡ್ಡ ಶಾರ್ಕ್ ಮೀನಿನ ತಲೆಯನ್ನು ಕೊಯ್ದು ನೋಡಿದ ವರದಿಯೂ ಅದರಲ್ಲೇ ಸೇರಿತು. ಬಂಡೆಯಲ್ಲಿ ಸಿಗುವ ನಾಲಿಗೆಯಾಕಾರದ ಕಲ್ಲುಗಳು ಹಳೆಯ ಶಾರ್ಕ್ ಹಲ್ಲುಗಳೇ ಅನ್ನುವ ವಾದ ಅಲ್ಲಿಂದ ಬೆಳೆದು, 1669ರ ಪುಸ್ತಕದಲ್ಲಿ ಭೂವಿಜ್ಞಾನದ ಅಡಿಪಾಯವಾಯಿತು. ಹಾಗಾಗಿ ಸ್ಟೀನೋ ಅಂದರೆ ಜನಕ್ಕೆ ಗೊತ್ತಿರುವುದು ಮಣ್ಣಿನ ಪದರ, ಬಂಡೆ. ಮೀನಿನ ತಲೆಯ ಮುಂಚಿನ ಪುಟಗಳನ್ನು ಜನ ಮರೆತರು.

ಆ ಪುಟಗಳಲ್ಲಿ ಇದ್ದದ್ದು ಸ್ನಾಯುವಿನ ರೇಖಾಗಣಿತ. ಪ್ರಮೇಯ, ಸಾಧನೆ, ಥೇಟ್ ಹೈಸ್ಕೂಲ್ ಗಣಿತದ ಪುಸ್ತಕದ ಹಾಗೆ. ಸ್ಟೀನೋ ಸ್ನಾಯುವನ್ನು ಬಿಡಿಸಿ ನೋಡಿ ಹೇಳಿದ್ದು: ಪ್ರತಿ ಎಳೆಯ ನಡುಭಾಗ ಮಾಂಸ, ಎರಡು ತುದಿ ರಜ್ಜು. ಆ ನಡುಭಾಗಗಳೆಲ್ಲ ಸೇರಿದರೆ ಓರೆಯಾದ ಒಂದು ಪೆಟ್ಟಿಗೆ ಆಗುತ್ತದೆ, ಬದಿಯಿಂದ ನೋಡಿದರೆ ಸಮಾಂತರ ಚತುರ್ಭುಜ. ಒಂದೇ ಪಾದದ ಮೇಲೆ, ಒಂದೇ ಜೋಡಿ ಸಮಾಂತರ ರೇಖೆಗಳ ನಡುವೆ ಇರುವ ಸಮಾಂತರ ಚತುರ್ಭುಜಗಳ ವಿಸ್ತೀರ್ಣ ಸಮ ಅನ್ನುವ ಪ್ರಮೇಯ ನೆನಪಿದೆಯಾ? ಪರೀಕ್ಷೆಗೆ ಉರು ಹೊಡೆದದ್ದು. ಗರಿ ಸ್ನಾಯುವಿನಲ್ಲೂ ಅದೇ. ಎಳೆಗಳು ಕುಗ್ಗಿದಾಗ ಅವುಗಳ ಓರೆ ಬದಲಾಗುತ್ತದೆ, ಆಕಾರ ಬದಲಾಗುತ್ತದೆ, ಸ್ನಾಯು ಉಬ್ಬಿದಂತೆಯೂ ಕಾಣಬಹುದು. ಆದರೆ ಒಳಗಿನ ಮಾಂಸ ಒಂದು ಹನಿಯೂ ಹೆಚ್ಚಾಗಿಲ್ಲ. ಹೊರಗಿನಿಂದ ಏನೂ ಬಂದು ತುಂಬಬೇಕಿಲ್ಲ.

ಅದೇ ಕಾಲದಲ್ಲಿ ಅವನ ಗೆಳೆಯ, ಹಾಲೆಂಡಿನ ಯಾನ್ ಸ್ವಾಮರ್‌ಡ್ಯಾಮ್, ಕಪ್ಪೆಯ ಸ್ನಾಯುವನ್ನು ಗಾಜಿನ ಕೊಳವೆಯಲ್ಲಿಟ್ಟು ಮೇಲಿನ ಸಣ್ಣ ನಳಿಕೆಯಲ್ಲಿ ಒಂದು ಹನಿ ನೀರು ನಿಲ್ಲಿಸಿದ. ಸ್ನಾಯು ಉಬ್ಬಿ ದೊಡ್ಡದಾಗುವುದಾದರೆ ಹನಿ ಮೇಲೇರಬೇಕು. ನರವನ್ನು ಕೆಣಕಿದಾಗ ಸ್ನಾಯು ಕುಗ್ಗಿತು, ಹನಿ ಮಾತ್ರ ಏರಲಿಲ್ಲ. ಗಣಿತವೂ ಆಯಿತು, ಪ್ರಯೋಗವೂ ಆಯಿತು. ಬಲೂನ್ ಒಡೆಯಬೇಕಿತ್ತು.

ಒಡೆಯಲಿಲ್ಲ. ಸ್ವಾಮರ್‌ಡ್ಯಾಮ್‌ನ ಪ್ರಯೋಗ ಅಚ್ಚಾದದ್ದು ಅವನು ಸತ್ತು ಎಷ್ಟೋ ವರ್ಷ ಆದ ಮೇಲೆ, 1737-38ರಲ್ಲಿ. ಇತ್ತ ಇಟಲಿಯ ಬೊರೆಲ್ಲಿ ಪ್ರಾಣಿಗಳ ಚಲನೆಯ ಬಗ್ಗೆ ಬರೆದ ದೊಡ್ಡ ಗ್ರಂಥ 1680-81ರಲ್ಲಿ ಬಂತು (ಅದೂ ಅವನು ಸತ್ತ ಮೇಲೆಯೇ). ಆ ಗ್ರಂಥದ ಒಂದು ಸಂಗತಿ ಅಪ್ಪಟ ಬಂಗಾರ. ಸ್ನಾಯುಗಳು ಕೀಲಿನ ಬಹಳ ಹತ್ತಿರ ಕಟ್ಟಿಕೊಂಡಿವೆ, ಹಾಗಾಗಿ ಸನಿಕೆಯ ಗಿಡ್ಡ ತುದಿ ಹಿಡಿದು ಮೀಟಿದ ಹಾಗೆ, ಹೊರುವ ಭಾರಕ್ಕಿಂತ ಎಷ್ಟೋ ಪಟ್ಟು ಬಲ ಅವು ಹಾಕಬೇಕು ಅಂತ ಅವನು ಲೆಕ್ಕ ಹಾಕಿ ತೋರಿಸಿದ. ಆದರೆ ಸ್ನಾಯು ಯಾಕೆ ಕುಗ್ಗುತ್ತದೆ ಅಂದರೆ ಅವನೂ ಒಳಗೆ ಹುದುಗಿನಂತೆ ಏನೋ ಉಕ್ಕಿ ಉಬ್ಬುತ್ತದೆ ಎಂದೇ ಹೇಳಿದ. 1694ರಲ್ಲಿ ಯೋಹಾನ್ ಬರ್ನೂಲಿ ಎಂಬ ದೊಡ್ಡ ಗಣಿತಜ್ಞ ಆ ಉಬ್ಬುವಿಕೆಗೇ ಹೊಸ ಗಣಿತ ಬರೆದ. ದೊಡ್ಡವರ ಹೆಸರಿನ ಮುಂದೆ ಸ್ಟೀನೋನ ಚತುರ್ಭುಜ ಮೂಲೆ ಸೇರಿತು. ಅವನೂ ಅಷ್ಟರಲ್ಲಿ ವಿಜ್ಞಾನ ಬಿಟ್ಟು ಪಾದ್ರಿಯಾಗಿ, 1677ರಲ್ಲಿ ಬಿಷಪ್ ಆಗಿ, 1686ರಲ್ಲಿ ತೀರಿಕೊಂಡಿದ್ದ. ತನ್ನ ಪರ ವಾದಿಸಲು ಅವನೇ ಇರಲಿಲ್ಲ.

ಮುಂದಿನದು ಬೇಗ ಹೇಳುತ್ತೇನೆ. 1846ರಲ್ಲಿ ಜರ್ಮನಿಯ ಎಡುಆರ್ಡ್ ವೇಬರ್, ಸ್ನಾಯುವಿನ ಬಲ ಅದರ ಉದ್ದಕ್ಕೂ ತೂಕಕ್ಕೂ ಸೇರಿದ್ದಲ್ಲ, ಎಳೆಗಳ ಅಡ್ಡಕೊಯ್ತಕ್ಕೆ ಸೇರಿದ್ದು ಎಂದು ತೋರಿಸಿದ. 1954ರ ಮೇ ತಿಂಗಳಲ್ಲಿ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನ ಬಂದವು. ಒಂದು ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್‌ಗರ್ಕೆ ಅವರದು, ಇನ್ನೊಂದು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಅವರದು (ಇಬ್ಬರು ಹಕ್ಸ್‌ಲಿಗಳು ಸಂಬಂಧಿಕರಲ್ಲ!). ಸಾರ್ಕೋಮಿಯರಿನಲ್ಲಿ ಯಾವುದೂ ಉಬ್ಬುವುದಿಲ್ಲ, ಎರಡು ಬಗೆಯ ತಂತುಗಳು ಎರಡು ಕೈಬೆರಳು ಹೆಣೆದ ಹಾಗೆ ಒಂದರೊಳಗೊಂದು ಜಾರುತ್ತವೆ ಎಂದು ತಿಳಿಯಿತು. 1965ರಲ್ಲಿ ಗಾನ್ಸ್ ಮತ್ತು ಬಾಕ್ ಸ್ನಾಯುವಿನ ಎಳೆಗಳ ಜೋಡಣೆಗೂ ಅದರ ಕೆಲಸಕ್ಕೂ ಇರುವ ಸಂಬಂಧವನ್ನು ಮತ್ತೆ ರೇಖಾಗಣಿತದಲ್ಲಿ ಕೂರಿಸಿದರು. ಕಂಪ್ಯೂಟರಿನಲ್ಲಿ ಗರಿ ಸ್ನಾಯುವಿನ ಮಾದರಿ ಮಾಡುವವರು ಬಿಡಿಸುವ ಚಿತ್ರ ಸಮಾಂತರ ಚತುರ್ಭುಜವೇ. ಕೊನೆಗೆ 1994ರಲ್ಲಿ ಟ್ರೋಲ್ಸ್ ಕಾರ್ಡೆಲ್ ಎಂಬ ಡೆನ್ಮಾರ್ಕಿನ ವೈದ್ಯ ಸ್ಟೀನೋನ ಲ್ಯಾಟಿನ್ ಬರಹವನ್ನು ಇಂಗ್ಲಿಷ್ ಅನುವಾದದೊಂದಿಗೆ ಹೊರತಂದು, ನೋಡಿ ಇದೇ ಅದು, ಅಂತ ತೋರಿಸಿದ. ಮುನ್ನೂರ ಇಪ್ಪತ್ತೇಳು ವರ್ಷ. ನಾವು ಆಫೀಸಿನಲ್ಲಿ ಎರಡು ವರ್ಷ ಹಳೆಯ ಕೋಡ್ ಓದದೆ ಹೊಸದಾಗಿ ಬರೆಯುತ್ತೇವೆ, ಅವರನ್ನು ಏನಂತ ಬೈಯುವುದು.

ಓರೆ ಜೋಡಣೆಗೆ ಬೆಲೆ ಇಲ್ಲ ಅಂತಲ್ಲ. ಎಳೆ ಓರೆಯಾಗಿ ಎಳೆದರೆ ಸ್ವಲ್ಪ ಬಲ ಪಕ್ಕಕ್ಕೆ ಹೋಗುತ್ತದೆ. ಸೋಲಿಯಸ್‌ನ ಎಳೆಗಳು ಸುಮಾರು 28 ಡಿಗ್ರಿ ಓರೆ. ಕೊಸೈನ್ ತೆಗೆದರೆ 0.88, ನೂರಕ್ಕೆ ಹನ್ನೆರಡು ನಷ್ಟ. ಕೋಣ ಇಪ್ಪತ್ತು ಪಟ್ಟು ಸಿಗುವಾಗ ಹನ್ನೆರಡು ಹೋದರೆ ಯಾರು ಲೆಕ್ಕ ಇಡುತ್ತಾರೆ. ದೊಡ್ಡ ಬೆಲೆ ಇರುವುದು ಓಡಾಟದಲ್ಲಿ. ಗಿಡ್ಡ ಎಳೆ ಕುಗ್ಗುವುದು ಸ್ವಲ್ಪವೇ, ಅದೂ ಒಂದು ಮಿತಿಯೊಳಗೆ. ತೋಳಿನ ಬೈಸೆಪ್ಸ್‌ನಂಥ ಸ್ನಾಯುವಿನ ಎಳೆಗಳು ಉದ್ದ, ಹೆಚ್ಚುಕಡಿಮೆ ನೇರ. ತುತ್ತನ್ನು ತಟ್ಟೆಯಿಂದ ಬಾಯಿಗೆ ತರುವಷ್ಟು ದೂರ ಕೈ ಚಲಿಸಬೇಕು, ಭಾರ ಕಡಿಮೆ. ಮೀನಖಂಡ ಹಿಮ್ಮಡಿಯನ್ನು ಎತ್ತುವುದು ಒಂದೆರಡು ಇಂಚು. ಆದರೆ ಮೈಭಾರವೂ ಚೀಲವೂ ಅದರ ಮೇಲೆ. ಪಾದದ ಮುಂತುದಿ ಕೀಲಿನಿಂದ ದೂರ, ಹಿಮ್ಮಡಿ ಹತ್ತಿರ, ಬೊರೆಲ್ಲಿ ಲೆಕ್ಕದಲ್ಲಿ ಸುಮಾರು ಎರಡೂವರೆ ಪಟ್ಟು. ಕಾಕಾ 50, ಚೀಲ 75, ಒಟ್ಟು 125 ಕಿಲೋ. ಹಲಗೆ ಏರುವಾಗ ಒಂದೇ ಮುಂಗಾಲ ಮೇಲೆ ಅಷ್ಟೂ ಭಾರ ಬಿದ್ದರೆ ಆ ಬೆರಳು ದಪ್ಪದ ಹುರಿಯಲ್ಲಿ ಮುನ್ನೂರು ಕಿಲೋ ಮೀರಿದ ಎಳೆತ. ದಿನಕ್ಕೆ ಎಷ್ಟು ಚೀಲವೋ, ಚೀಲಕ್ಕೆ ಎಷ್ಟು ಹೆಜ್ಜೆಯೋ...

ಈಗ ಕಾಕಾನ ಪ್ರಶ್ನೆಗೆ ಬರೋಣ. ತಾಕತ್ತು ಎಲ್ಲಿಗೆ ಹೋಯಿತು?

ಮೊದಲನೆಯದು, ಟೇಪ್ ಸುಳ್ಳು ಹೇಳುತ್ತದೆ. 34 ಇದ್ದದ್ದು 32 ಆದರೆ ಸುತ್ತಳತೆಯಲ್ಲಿ ನೂರಕ್ಕೆ ಆರು ಕಡಿಮೆ. ಅಡ್ಡಕೊಯ್ತ ಅದರ ವರ್ಗದಂತೆ, ಹಾಗಾಗಿ ನೂರಕ್ಕೆ ಹನ್ನೊಂದು ಕಡಿಮೆ. ಎಲುಬು, ಚರ್ಮ, ಕೊಬ್ಬು ಸಣ್ಣಗಾಗುವುದಿಲ್ಲ, ಹೋದದ್ದೆಲ್ಲ ಮಾಂಸವೇ. ಅದಕ್ಕಿಂತ ಮುಖ್ಯ, ಟೇಪ್ ಕಾಲಿಗೆ ಅಡ್ಡ ಸುತ್ತುತ್ತದೆ, ಎಳೆಗಳಿಗೆ ಅಡ್ಡ ಅಲ್ಲ. ಗರಿ ಸ್ನಾಯುವಿನ ಬಲ ಇರುವುದು ಎಳೆಗಳ ಅಡ್ಡಕೊಯ್ತದಲ್ಲಿ. ಅದನ್ನು ಟೇಪ್ ಕಾಣಲಾರದು.

ಎರಡನೆಯದು ನನಗೆ ನಿಜಕ್ಕೂ ಆಶ್ಚರ್ಯ ತಂದದ್ದು. 1972ರಲ್ಲಿ ಟಾಬರಿ ಮತ್ತು ಸಂಗಡಿಗರು ಬೆಕ್ಕುಗಳ ಸೋಲಿಯಸ್ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಪಾದವನ್ನು ಕೆಳಗೆ ಬಾಗಿಸಿ, ಸ್ನಾಯು ಗಿಡ್ಡ ಇರುವಂತೆ ಪ್ಲಾಸ್ಟರ್ ಕಟ್ಟಿದಾಗ ಎಳೆಯ ಉದ್ದಕ್ಕೂ ಸಾಲಾಗಿ ಇದ್ದ ಸಾರ್ಕೋಮಿಯರುಗಳಲ್ಲಿ ನೂರಕ್ಕೆ 40ರಷ್ಟು ಕಡಿಮೆಯಾದವು. ಎಳೆದು ಉದ್ದ ಮಾಡಿ ಕಟ್ಟಿದಾಗ ಸುಮಾರು 20ರಷ್ಟು ಹೆಚ್ಚಾದವು. ಅಂದರೆ ಸ್ನಾಯು ಸುಮ್ಮನೆ ಸೊರಗುವುದಲ್ಲ, ತನ್ನ ಜೋಡಣೆಯನ್ನೇ ಮತ್ತೆ ಬರೆದುಕೊಳ್ಳುತ್ತದೆ. ಹೊಲಿದ ಹುರಿ ಬಿಚ್ಚಬಾರದು ಅಂತ ಕಾಕಾನ ಪಾದವನ್ನೂ ಕೆಳಗೆ ಬಾಗಿಸಿಯೇ ಕಟ್ಟಬೇಕಾಗಿತ್ತು, ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಮೊದಲೇ ನಾಲ್ಕೂವರೆ ಸೆಂಟಿಮೀಟರಿನ ಎಳೆ. ಪುಟ್ಟಿ ದಾಟಿಸುವ ಸಾಲಿನಿಂದ ಅಷ್ಟು ಜನ ಎದ್ದು ಹೋದರೆ ಪುಟ್ಟಿ ಕೊನೆ ಮುಟ್ಟೀತೇ? ಅದರ ಮೇಲೆ ಹೊಲಿದ ಹುರಿ ಮಾಯುವಾಗ ಸ್ವಲ್ಪ ಉದ್ದ ಆಗಿಬಿಟ್ಟರೆ ಇನ್ನೂ ಕಷ್ಟ, ಸ್ನಾಯು ಕುಗ್ಗಿದ್ದು ಹುರಿಯ ಸಡಿಲು ತೆಗೆಯುವುದರಲ್ಲೇ ಮುಗಿದು ಹಿಮ್ಮಡಿ ಏಳುವುದಿಲ್ಲ.

ಒಳ್ಳೆಯ ಸುದ್ದಿ ಎಂದರೆ, ಪ್ಲಾಸ್ಟರ್ ತೆಗೆದ ನಾಲ್ಕು ವಾರಗಳಲ್ಲಿ ಆ ಬೆಕ್ಕುಗಳ ಸಾರ್ಕೋಮಿಯರುಗಳ ಸಂಖ್ಯೆ ಮೊದಲಿನಂತಾಗಿತ್ತು. ಐವತ್ತು ದಾಟಿದ ಮನುಷ್ಯನಿಗೆ ಬೆಕ್ಕಿನ ಲೆಕ್ಕ ನೇರ ಹಚ್ಚಲಾಗದು, ದಪ್ಪವೂ ಬಲವೂ ಬರಲು ತಿಂಗಳುಗಟ್ಟಲೆ ಬೇಕು. ಆದರೆ ಬರುವ ದಾರಿ ಇದೆ. ದಾರಿ ಅಂದರೆ ವ್ಯಾಯಾಮದವರು ಮೊದಲ ದಿನವೇ ಹೇಳಿದ್ದ, ನಮ್ಮ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳದ ಕೆಲಸ. ಮೆಟ್ಟಿಲ ಅಂಚಿನ ಮೇಲೆ ಮುಂಗಾಲಿಟ್ಟು ಹಿಮ್ಮಡಿಯನ್ನು ನಿಧಾನ ಇಳಿಸುವುದು, ನಿಧಾನ ಎತ್ತುವುದು.

ದಸರೆಗೆ ಊರಿಗೆ ಹೋದಾಗ ಇದನ್ನೆಲ್ಲ ಕಾಕಾಗೆ ಹೇಳಿದೆ. ಸ್ಟೀನೋ ಹೆಸರು ಹೇಳಲಿಲ್ಲ. ಅಂಗಳದಲ್ಲಿ ಕಡ್ಡಿಯಿಂದ ಚತುರ್ಭುಜ ಗೀರಿ, ಕೋಟೆ ಗೋಡೆಯ ಕೋಣಗಳ ಕಥೆ ಹೇಳಿದೆ. ನಡುವೆ ಆ ಬೀಗರೂ ಬಂದು ಕೂತರು. ಹಿಂದೆ ಕಾರಹುಣ್ಣಿಮೆಯಲ್ಲಿ ರಾಯಚೂರಿನ ಗಂಜಿನಲ್ಲಿ ಎತ್ತುಗಳು ಒಂದೂವರೆ, ಎರಡು ಟನ್ ಕಲ್ಲು ಎಳೆಯುವ ಪಂದ್ಯ ನೋಡಿದವರು ಅವರು. ಆರು ತಿಂಗಳು ಕಟ್ಟಿಹಾಕಿದ ಎತ್ತನ್ನು ಯಾರಾದರೂ ನೇರ ಪಂದ್ಯಕ್ಕೆ ಹೂಡುತ್ತಾರಾ ಅಂತ ಕೇಳಿದೆ. ಅವರು ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಮೈ ತುಂಬಿ ಕಂಡರೂ ಹೂಡಂಗಿಲ್ಲ ಬಿಡು" ಅಂದರು.

ಕಾಕಾ ಎಲ್ಲ ಕೇಳಿ, ಕಟ್ಟೆಯ ಮೆಟ್ಟಿಲ ಅಂಚಿಗೆ ಹೋಗಿ ಕಂಬ ಹಿಡಿದು ನಿಂತ. ಎರಡೂ ಹಿಮ್ಮಡಿ ಎದ್ದವು. ಒಳ್ಳೆಯ ಕಾಲು ಎತ್ತಿ ಒಂದೇ ಕಾಲ ಮೇಲೆ ನೋಡಿದ. ಹಿಮ್ಮಡಿ ಎರಡು ಬಟ್ಟು ಎದ್ದಿತು, ನಡುಗಿತು, ಇಳಿಯಿತು. ಕಾರಹುಣ್ಣಿಮೆಯಲ್ಲಿ ಒಂದು ಬಟ್ಟೂ ಎದ್ದಿರಲಿಲ್ಲ.

"ಈ ಸುಗ್ಗಿಗಿ ಆಗಂಗಿಲ್ಲ ತಮ್ಮಾ," ಅಂದ. "ಮುಂದಿನ ಸುಗ್ಗಿಗಿ ನೋಡಮು."

ಚಿಗವ್ವ ಒಳಗಿನಿಂದ ಎಷ್ಟು ಸಲ ಆಯಿತು ಅಂತ ಕೂಗಿದಳು. ಈಗ ದಿನಾ ಎಣಿಸುವವಳು ಅವಳೇ ಅಂತೆ.